ಹಿಂದಿನ ಬಾಗಿಲ ಟೊಮೇಟೊ

ನಮ್ಮ ಮನೆಗೆ ಟೊಮೇಟೊ ಎರಡು ಬಾಗಿಲಿನಿಂದ ಬರುತ್ತಿತ್ತು. ಮುಂದಿನ ಬಾಗಿಲಿನಿಂದ ಬರುತ್ತಿದ್ದದ್ದು ಅಪ್ಪನದು. ಸಂಜೆ ಮಂಡಿಯಿಂದ ಬರುವಾಗ ವೈರ್ ಬ್ಯಾಗಿನಲ್ಲಿ ಹಾಕಿಕೊಂಡು ತರುತ್ತಿದ್ದರು. ಹಿಂದಿನ ಬಾಗಿಲಿನಿಂದ ಬರುತ್ತಿದ್ದದ್ದು ಅಮ್ಮನದು. ಹಿತ್ತಲಿನಿಂದ ಸೆರಗಿನಲ್ಲಿ ಕಟ್ಟಿಕೊಂಡು ತರುತ್ತಿದ್ದಳು. ಎರಡನ್ನೂ ಅಮ್ಮ ಒಂದೇ ಪಾತ್ರೆಗೆ ಹಾಕಿದ್ದನ್ನು ನಾನು ನೋಡಿರಲಿಲ್ಲ. ಮಂಡಿಯ ಹಣ್ಣು ಚಿತ್ರಾನ್ನಕ್ಕೆ, ಪಲ್ಯಕ್ಕೆ, ಬಂದವರ ಚೀಲಕ್ಕೆ. ಹಿತ್ತಲಿನ ಹಣ್ಣು ಸಾರಿಗೆ, ಗೊಜ್ಜಿಗೆ. ಏಕೆ ಹೀಗೆ ಎಂದು ನಾವು ಕೇಳಲಿಲ್ಲ, ಅವಳು ಹೇಳಲಿಲ್ಲ. ಉಪ್ಪಿನ ಡಬ್ಬ ಬಲಗಡೆ, ಹುಣಸೆಹಣ್ಣಿನ ಜಾಡಿ ಎಡಗಡೆ ಇರುವಂತೆ ಅದೂ ಮನೆಯ ಒಂದು ಕ್ರಮವಾಗಿತ್ತು.

ಮನೆ ಕೋಲಾರದ ಅಂಚಿನಲ್ಲಿ, ಮಂಡಿಗೆ ನಡೆದು ಹೋಗುವಷ್ಟು ಹತ್ತಿರದಲ್ಲಿತ್ತು. ಲಕ್ಕೂರಿನ ಕಡೆಯಿಂದ ಬಂದ ತಾತ ಕಟ್ಟಿಸಿದ ಮನೆ. ಒಂದು ಸೂರಿನ ಕೆಳಗೆ ಎರಡು ಸಂಸಾರ: ಎಡಕ್ಕೆ ದೊಡ್ಡಪ್ಪನದು, ಬಲಕ್ಕೆ ನಮ್ಮದು. ನಮ್ಮ ಪಾಲಿನ ಮೂರು ಕೋಣೆಗಳು ರೈಲಿನ ಡಬ್ಬಿಗಳ ಹಾಗೆ ಒಂದರ ಹಿಂದೆ ಒಂದು ನಿಂತಿದ್ದವು. ಬೀದಿ ಬಾಗಿಲಲ್ಲಿ ನಿಂತರೆ ನಡುಮನೆ, ಅಡುಗೆಮನೆ ದಾಟಿ ಹಿತ್ತಲಿನ ಬೆಳಕು ಕಾಣುತ್ತಿತ್ತು. ಒಲೆ ಎರಡು, ಹಿತ್ತಲು ಒಂದೇ. ಅಲ್ಲಿ ದೊಡ್ಡಮ್ಮನ ಹಸುವಿನ ಕೊಟ್ಟಿಗೆ, ಬಟ್ಟೆ ಒಗೆಯುವ ಕಲ್ಲು, ಬಚ್ಚಲು. ಬಚ್ಚಲ ಗೋಡೆಗೂ ಕಾಂಪೌಂಡಿಗೂ ನಡುವೆ ಅಮ್ಮನ ಟೊಮೇಟೊ ಮಡಿ. ಅದು ಹನ್ನೊಂದು ಹೆಜ್ಜೆ ಉದ್ದ, ನಾಲ್ಕು ಹೆಜ್ಜೆ ಅಗಲ ಇತ್ತು. ನನ್ನ ಆಗಿನ ಹೆಜ್ಜೆಗಳಲ್ಲಿ. ಹದಿನಾಲ್ಕು ಗಿಡಗಳಿದ್ದವು. ಹದಿನಾರು ಎಂದು ನನ್ನ ತಮ್ಮ ವಾದಿಸುತ್ತಾನೆ. ಆಗ ಅವನಿಗೆ ನಾಲ್ಕು ವರ್ಷ, ನನಗೆ ಹತ್ತು. ಆದ್ದರಿಂದ ನನ್ನ ಲೆಕ್ಕವನ್ನೇ ಉಳಿಸಿಕೊಂಡಿದ್ದೇನೆ.

ಗಿಡಗಳು ನಾಟಿ ತಳಿಯವು. ಹಣ್ಣು ಚಪ್ಪಟೆ, ಮೈತುಂಬ ಗೀರು, ಕುಂಬಳಕಾಯಿಯ ಮರಿಯಂತೆ. ಬಚ್ಚಲ ನೀರನ್ನು ಅಮ್ಮ ಸಣ್ಣ ಕಾಲುವೆ ತೆಗೆದು ಬುಡಕ್ಕೆ ತಿರುಗಿಸಿದ್ದಳು. ನಾವು ಸೋಪು ಹಚ್ಚಿಕೊಳ್ಳುವ ಮೊದಲು ಬಚ್ಚಲಿನಿಂದ ಕೂಗಿ ಹೇಳಬೇಕಿತ್ತು. ಅವಳು ಬಂದು ಕಾಲುವೆಯ ಬಾಯಿಗೆ ಒಂದು ಹೆಂಚಿನ ಚೂರು ಇಟ್ಟು ನೀರನ್ನು ಚರಂಡಿಗೆ ಬಿಡುತ್ತಿದ್ದಳು. ಎಲೆಗೆ ಹೇನು ಬಿದ್ದರೆ ಒಲೆಯ ಬೂದಿ. ಊರುಗೋಲಿಗೆ ನೀಲಗಿರಿ ಕಡ್ಡಿ. ಕಟ್ಟುವುದಕ್ಕೆ ಹಳೆಯ ಸೀರೆಯ ಅಂಚು ಹರಿದು ಮಾಡಿದ ಪಟ್ಟಿ. ಮನೆಯಲ್ಲಿ ಯಾರ ಸೀರೆ ಯಾವಾಗ ಹರಿಯಿತು ಎಂಬುದನ್ನು ಆ ಗಿಡಗಳನ್ನು ನೋಡಿ ಹೇಳಬಹುದಿತ್ತು. ಅವಳದು ಒಂದೇ ಕಟ್ಟಳೆ: ಹಣ್ಣು ಗಿಡದಲ್ಲೇ ಪೂರ್ತಿ ಕೆಂಪಾಗಿ, ತೊಟ್ಟಿನ ಸುತ್ತ ಬಿರಿಯಬೇಕು. ಅದಕ್ಕೆ ಮೊದಲು ಕೀಳಬಾರದು. ಬಿರಿದ ಹಣ್ಣನ್ನು ಕೆಂಡದ ಮೇಲೆ ಸುಟ್ಟು, ಸಿಪ್ಪೆ ಸುಲಿದು, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು ಹಾಕಿ ಮಡಕೆಯಲ್ಲಿ ಮಸೆದರೆ ಗೊಜ್ಜು. ಅದು ತಾತನ ಊಟ. ಕೊನೆಯ ವರ್ಷಗಳಲ್ಲಿ ಹಲ್ಲಿಲ್ಲದ ತಾತ ರಾಗಿಮುದ್ದೆಯ ಜೊತೆ ಬೇರೇನನ್ನೂ ಕೇಳುತ್ತಿರಲಿಲ್ಲ. ಮೊದಲ ಗಿಡಗಳನ್ನು ಆ ಜಾಗದಲ್ಲಿ ನೆಟ್ಟದ್ದೂ ಅವರೇ.

ಅಪ್ಪನ ಕೆಲಸ ಮಂಡಿಯಲ್ಲಿ ಟೊಮೇಟೊ ಗ್ರೇಡಿಂಗ್. ರೈತರು ತಂದು ಸುರಿದ ರಾಶಿಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ಗಾತ್ರ, ಬಣ್ಣ ನೋಡಿ ಬೇರೆ ಬೇರೆ ಬಾಕ್ಸಿಗೆ ಹಾಕುವುದು. ಇನ್ನೂ ಹಸಿರಿದ್ದದ್ದು ಕಾಯಿ, ಬುಡದಲ್ಲಿ ಬಣ್ಣ ತಿರುಗಿದ್ದದ್ದು ದೋರೆ, ಕೆಂಪಾದದ್ದು ಹಣ್ಣು. ಮೂರು ದಿನ ಲಾರಿಯಲ್ಲಿ ಹೋಗುವ ಮಾಲಿಗೆ ದೋರೆಯೇ ಆಗಬೇಕು. ಹಣ್ಣು ಊರ ಹೋಟೆಲುಗಳಿಗೆ. ಒಡೆದದ್ದನ್ನು ಯಾರೂ ಕೇಳುವುದಿಲ್ಲ, ಅದನ್ನು ಪಕ್ಕಕ್ಕೆ ಎಸೆಯುವುದು. ಅಪ್ಪ ಎರಡೂ ಕೈಗಳಿಂದ ಒಟ್ಟಿಗೆ ಈ ಕೆಲಸ ಮಾಡುತ್ತಿದ್ದರು, ಮಾತಾಡುತ್ತಲೇ. ಈ ಅಭ್ಯಾಸ ಮನೆಗೂ ಬಂದಿತ್ತು. ಈರುಳ್ಳಿ ಬುಟ್ಟಿ ಎದುರಿಗಿದ್ದರೆ ದೊಡ್ಡದು, ಸಣ್ಣದು ಬೇರೆ ಮಾಡುತ್ತಿದ್ದರು. ತಟ್ಟೆಯ ಇಡ್ಲಿಗಳನ್ನು ತಿರುಗಿಸಿ ನೋಡಿ ಸಾಲಾಗಿ ಇಡುತ್ತಿದ್ದರು. ಟೊಮೇಟೊ ಮಾತ್ರ ಬಾಯಿಗೆ ಇಡುತ್ತಿರಲಿಲ್ಲ. ದಿನವಿಡೀ ಮೂಗಿಗೆ ಹತ್ತಿದ ವಾಸನೆ ತಟ್ಟೆಯಲ್ಲೂ ಬೇಡ ಎನ್ನುತ್ತಿದ್ದರು. ಅವರಿಗೆಂದು ಅಮ್ಮ ಹುಣಸೆಹಣ್ಣಿನ ಸಾರು ಬೇರೆ ಮಾಡುತ್ತಿದ್ದಳು. ಹೀಗೆ ಅವಳ ಹಿತ್ತಲಿನ ಬೆಳೆಯ ರುಚಿ ಮನೆಯ ಯಜಮಾನರಿಗೇ ಗೊತ್ತಿರಲಿಲ್ಲ. ಇದರಿಂದ ಇಬ್ಬರಿಗೂ ಬೇಸರವಿದ್ದಂತೆ ಕಾಣಲಿಲ್ಲ.

ಬೇಸರವಿದ್ದದ್ದು ದೊಡ್ಡಪ್ಪನಿಗೆ. ಅವರದೊಂದು ಟೆಂಪೋ ಇತ್ತು. ಶ್ರೀನಿವಾಸಪುರ, ಮುಳಬಾಗಿಲು ಕಡೆಯ ಹಳ್ಳಿಗಳಿಂದ ಮಂಡಿಗೆ ಮಾಲು ತರುತ್ತಿದ್ದರು. ಗಾಡಿ ಬೀದಿಯಲ್ಲಿ ಬಿಸಿಲಿಗೆ ನಿಂತು ಬಣ್ಣ ಬಿಟ್ಟಿತ್ತು. ಮನೆಯ ಪಕ್ಕದ ಓಣಿಯಿಂದ ಗಾಡಿಯನ್ನು ಹಿತ್ತಲಿಗೆ ತರಬಹುದಿತ್ತು. ಅದು ನಿಲ್ಲಲು ಸರಿಹೊಂದುವ ಜಾಗ ಅಮ್ಮನ ಮಡಿಯೊಂದೇ. ತಾತ ಇದ್ದಾಗ ಈ ಮಾತು ಎತ್ತಲಿಲ್ಲ. ತಾತ ಹೋಗಿ ವರ್ಷ ತುಂಬಿದ ಮೇಲೆ, ಆ ಮಳೆಗಾಲದಲ್ಲಿ ಗಿಡ ಹೂ ಬಿಟ್ಟಿದ್ದಾಗ, ಒಗೆಯುವ ಕಲ್ಲಿನ ಹತ್ತಿರ ನಿಂತು ಎತ್ತಿದರು. ಗದರಿಸಲಿಲ್ಲ. ದೊಡ್ಡಪ್ಪ ಗದರಿಸುವವರಲ್ಲ, ನಗಿಸಿ ಗೆಲ್ಲುವವರು.

"ಮಂಡಿಯವರ ಮನೇಲಿ ಟಮೋಟ ಗಿಡ ಯಾಕಮ್ಮ? ಮೀನುಗಾರ ಮನೇಲಿ ತೊಟ್ಟಿ ಕಟ್ಟಿ ಮೀನು ಸಾಕಿದ ಹಾಗಾಯ್ತು. ಆ ಜಾಗಕ್ಕೆ ನಾಲ್ಕು ಶೀಟು ಹಾಕಿದ್ರೆ ಗಾಡಿಗೆ ನೆರಳಾಗುತ್ತೆ."

ಅಮ್ಮ ಒಗೆಯುತ್ತಿದ್ದ ಬಟ್ಟೆಯನ್ನು ಹಿಂಡಿ ಬಕೆಟ್ಟಿಗೆ ಹಾಕಿ ಎದ್ದು ನಿಂತಳು. ಭಾವನ ಮುಂದೆ ಕುಳಿತು ಮಾತಾಡುತ್ತಿರಲಿಲ್ಲ.

"ಹಿರಿಯರ ಹಬ್ಬ ಕಳೀಲಿ ಭಾವ. ಮಾವನ ಎಡೆಗೆ ಗೊಜ್ಜು ಇಡಬೇಕು. ಊಟ ಮಾಡಿ ಆಮೇಲೆ ನೀವೇ ಹೇಳಿ. ತೆಗೀಬೇಕು ಅಂದ್ರೆ ನಾನೇ ಕಿತ್ತು ಹಾಕ್ತೀನಿ."

ದೊಡ್ಡಪ್ಪ ಒಪ್ಪಿದರು. ಹಿರಿಯರ ಹಬ್ಬ ಬರುವುದು ಮಹಾಲಯ ಅಮಾವಾಸ್ಯೆಗೆ. ತೀರಿಕೊಂಡವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ, ಬಾಳೆಲೆಯಲ್ಲಿ ಬಡಿಸಿ, ಅವರ ಬಟ್ಟೆಯ ಮುಂದೆ ಎಡೆ ಇಡುವ ದಿನ. ಹಬ್ಬದ ಅಡುಗೆ ಎರಡೂ ಮನೆಗೆ ಒಂದೇ. ತಾತ ತೀರಿಕೊಂಡ ಮೇಲೆ ಬರುತ್ತಿದ್ದ ಎರಡನೆಯ ಹಬ್ಬ ಅದು. ಮೊದಲನೆಯದರಲ್ಲಿ ಮನೆಯ ದುಃಖ ಆರಿರಲಿಲ್ಲ, ಗಿಡವನ್ನೂ ಯಾರೂ ಹಾಕಿರಲಿಲ್ಲ. ದೊಡ್ಡಮ್ಮ ಮಂಡಿಯ ಹಣ್ಣಿನಲ್ಲೇ ಗೊಜ್ಜು ಮಾಡಿದ್ದರು. ದೊಡ್ಡಪ್ಪ ಅದನ್ನು ಎಲೆಯ ಅಂಚಿಗೆ ತಳ್ಳಿದ್ದು ಅಮ್ಮನ ಕಣ್ಣಿಗೆ ಬಿದ್ದಿತ್ತು. ಆ ಒಂದು ಆಧಾರದ ಮೇಲೆ ಅವಳು ಹನ್ನೊಂದು ಹೆಜ್ಜೆ ನೆಲವನ್ನು ಪಣಕ್ಕೆ ಇಟ್ಟಿದ್ದಳು. ಇದನ್ನು ಅವಳು ನನಗೆ ಹೇಳಿದ್ದು ಬಹಳ ವರ್ಷಗಳ ನಂತರ.

ಹಬ್ಬಕ್ಕೆ ಐದು ದಿನವಿರುವಾಗ ಟೇಕಲ್‌ನಿಂದ ಸುದ್ದಿ ಬಂತು. ಅಮ್ಮನ ತಮ್ಮನಿಗೆ ಮಗು ಹುಟ್ಟಿತ್ತು. ಬಾಣಂತಿಯ ಕಡೆಯವರು ಬರುವುದು ತಡವಾಗುತ್ತದೆ, ನಾಲ್ಕು ದಿನ ಬಂದು ಇರಬೇಕು ಎಂದು ಹೇಳಿ ಕಳಿಸಿದ್ದರು. ಮರುದಿನ ಅಮ್ಮ ನನ್ನ ತಮ್ಮನನ್ನು ಕರೆದುಕೊಂಡು ಹೊರಟಳು. ಆಗ ಗಿಡದಲ್ಲಿ ಹಣ್ಣು ಬಣ್ಣ ತಿರುಗುತ್ತಿತ್ತು. ಕೆಲವು ಆಗಲೇ ಕೆಂಪಾಗಿದ್ದವು. ಹೊರಡುವ ಮೊದಲು ನನ್ನನ್ನು ಮಡಿಯ ಹತ್ತಿರ ಕರೆದುಕೊಂಡು ಹೋಗಿ, ಒಂದೊಂದು ಗಿಡವನ್ನೂ ಮುಟ್ಟಿ ತೋರಿಸಿದಳು.

"ಸಾಯಂಕಾಲ ಒಂದೊಂದು ಚೊಂಬು ನೀರು ಹಾಕು. ಹಣ್ಣಿಗೆ ಕೈ ಹಚ್ಚಬೇಡ. ಬಿರಿದಿದ್ರೂ ಕೀಳಬೇಡ. ಹಬ್ಬದ ಹಿಂದಿನ ದಿನ ನಾನು ಬಂದು ಕೀಳ್ತೀನಿ."

ಮೂರು ದಿನ ನಾನು ಹೇಳಿದಂತೆ ನಡೆದುಕೊಂಡೆ. ನಾಲ್ಕನೆಯ ದಿನ, ಎಂದರೆ ಹಬ್ಬದ ಹಿಂದಿನ ದಿನ, ಮಂಡಿಗೆ ರಜೆ, ಅಪ್ಪ ಮನೆಯಲ್ಲಿದ್ದರು. ಬೆಳಿಗ್ಗೆ ಟೀ ಲೋಟ ಹಿಡಿದು ಹಿತ್ತಲಿಗೆ ಬಂದವರು ಆಕಾಶ ನೋಡಿದರು. ಬಂಗಾರಪೇಟೆ ದಿಕ್ಕಿಗೆ ಮೋಡ ಕಪ್ಪಾಗಿತ್ತು. ಹಣ್ಣಾಗುವ ಹೊತ್ತಿನಲ್ಲಿ ಜೋರು ಮಳೆ ಬಿದ್ದರೆ ಟೊಮೇಟೊ ಒಡೆಯುತ್ತದೆ. ಒಡೆದ ಮಾಲು ಮಂಡಿಯಲ್ಲಿ ಕಸ. ಮೋಡ ನೋಡಿದ ಕೂಡಲೇ ಹಣ್ಣು ಕೀಳುವುದು ನಮ್ಮ ಸೀಮೆಯ ಯಾವ ತೋಟದವನಾದರೂ ಮಾಡುವ ಕೆಲಸ. ಅಪ್ಪನೂ ಅದನ್ನೇ ಮಾಡಲು ಹೊರಟರು.

"ಮಳೆ ಬಂದ್ರೆ ಎಲ್ಲ ಒಡೆದು ಹಾಳಾಗ್ತವೆ. ನಿಮ್ಮಮ್ಮ ಬರೋ ಹೊತ್ತಿಗೆ ಕಿತ್ತು, ಆರಿಸಿ, ಜೋಡಿಸಿ ಇಟ್ಟುಬಿಡೋಣ. ಬಾ, ಗೋಣಿಚೀಲ ಹಾಸು. ನಿನಗೆ ಗ್ರೇಡಿಂಗ್ ಹೇಳಿಕೊಡ್ತೀನಿ."

ಅಮ್ಮ ಮುಟ್ಟಬೇಡ ಎಂದಿದ್ದಾಳೆ ಎಂದು ನಾನು ಅಪ್ಪನಿಗೆ ಹೇಳಿದೆ ಎಂದು ಬರೆಯಲು ಆಸೆಯಿದೆ. ಆದರೆ ಹೇಳಲಿಲ್ಲ. ಮರೆತಿರಲಿಲ್ಲ, ಹೇಳಲಿಲ್ಲ. ಮಂಡಿಯೊಳಗೆ ಹೆಣ್ಣುಮಕ್ಕಳು ಬರಬಾರದು ಎಂದು ಅಪ್ಪ ನನ್ನನ್ನು ಗೇಟಿನಲ್ಲೇ ನಿಲ್ಲಿಸುತ್ತಿದ್ದರು. ಅವರ ಕೈ ಹೇಗೆ ಓಡುತ್ತದೆ ಎಂದು ನಾನು ದೂರದಿಂದ ಮಾತ್ರ ನೋಡಿದ್ದೆ. ಆ ಕೆಲಸ ಈಗ ನಮ್ಮ ಮುಂದಿನ ಕೋಣೆಗೆ ಬರುತ್ತಿತ್ತು, ನನ್ನ ಹೆಸರು ಹಿಡಿದು ಕರೆಯುತ್ತಿತ್ತು. ನಾನು ಗೋಣಿಚೀಲ ಹಾಸಿದೆ.

ಮಧ್ಯಾಹ್ನದವರೆಗೆ ಕೆಲಸ ನಡೆಯಿತು. ಹದಿನಾಲ್ಕು ಗಿಡದಲ್ಲಿ ಒಂದು ಕಾಯಿಯನ್ನೂ ಬಿಡದೆ ಕಿತ್ತೆವು. ರಾಶಿಯ ಈಚೆ ನಾನು, ಆಚೆ ಅಪ್ಪ. ಕಣ್ಣಿಂದ ನೋಡಿದರೆ ಸಾಲದು, ಹೆಬ್ಬೆರಳಿನಿಂದ ನೋಡು ಎಂದರು. ತೊಟ್ಟು ಕೆಳಗೆ ಮಾಡಿ ಇಡು, ಇಲ್ಲದಿದ್ದರೆ ಪಕ್ಕದ ಹಣ್ಣಿಗೆ ಚುಚ್ಚುತ್ತದೆ ಎಂದರು. ಎರಡು ಹಣ್ಣು ಒಂದೇ ಥರ ಕಂಡರೆ ಕಿಟಕಿಯ ಬೆಳಕಿಗೆ ಹಿಡಿ. ಸಂಶಯವಿದ್ದರೆ ಕೆಳಗಿನ ದರ್ಜೆಗೆ ಹಾಕು, ಮೇಲಿನದಕ್ಕೆ ಹಾಕಬೇಡ. ಈ ಕೊನೆಯ ಮಾತು ಮುಂದೆ ಮೂವತ್ತು ವರ್ಷ ಪತ್ರಿಕೆಯ ಸುದ್ದಿಮನೆಯಲ್ಲಿ ನನಗೆ ಅನ್ನ ಹಾಕಿತು. ಮಧ್ಯಾಹ್ನದ ಹೊತ್ತಿಗೆ ಗೋಣಿಚೀಲಗಳ ಮೇಲೆ ಕಾಯಿ, ದೋರೆ, ಹಣ್ಣು ಮೂರು ಪಟ್ಟಿಗಳಾಗಿ ಅಚ್ಚುಕಟ್ಟಾಗಿ ಕುಳಿತಿದ್ದವು. ಒಡೆದವು, ಬಿರಿದವು, ಹುಳ ಕಚ್ಚಿದವು ಒಂದು ಮಂಕರಿಯಷ್ಟು ಆಗಿದ್ದವು. ಅದನ್ನು ನಾನೇ ಹೊತ್ತುಕೊಂಡು ಹೋಗಿ ಹಸುವಿಗೆಂದು ಕೊಟ್ಟಿಗೆಯಲ್ಲಿ ಇಟ್ಟೆ. ಅಪ್ಪ ನನ್ನ ಸಾಲನ್ನು ನೋಡಿ ಎರಡೇ ಹಣ್ಣು ಬದಲಾಯಿಸಿದರು. ಆ ವಯಸ್ಸಿನಲ್ಲಿ ನನಗೆ ಸಿಕ್ಕಿದ ಅತಿ ದೊಡ್ಡ ಪ್ರಶಂಸೆ ಅದು.

ಮಳೆ ಬರಲಿಲ್ಲ. ಮೋಡ ಹಾಗೇ ಸರಿದು ಬಿಸಿಲು ಬಂತು, ಬಿಸಿಲಿನ ಜೊತೆಗೆ ಅಮ್ಮ ಬಂದಳು. ಬೀದಿ ಬಾಗಿಲಲ್ಲೇ ಅವಳ ಕಾಲು ನಿಂತಿತು. ಮೂರು ಪಟ್ಟಿಗಳನ್ನೂ ನೋಡಿದಳು. ನಿದ್ದೆಹೋಗಿದ್ದ ತಮ್ಮನನ್ನು ಹೆಗಲಿನಿಂದ ಇಳಿಸಿ ಚಾಪೆಯ ಮೇಲೆ ಮಲಗಿಸಿದಳು. ಸಾಲಿನ ನಡುವೆ ಕಾಲಿಡಲು ಜಾಗ ನೋಡಿಕೊಂಡು ನಡೆದು, ಅಡುಗೆಮನೆ ದಾಟಿ ಹಿತ್ತಲಿಗೆ ಹೋದಳು. ಗಿಡಗಳಲ್ಲಿ ಎಲೆ ಇತ್ತು, ಸೀರೆಯ ಪಟ್ಟಿಗಳಿದ್ದವು, ಮತ್ತೇನೂ ಇರಲಿಲ್ಲ. ಒಗೆಯುವ ಕಲ್ಲಿನ ಮೇಲೆ ಕುಳಿತಳು. ಅಪ್ಪ ಹಿಂದೆಯೇ ಬಂದರು. ಏನೋ ತಪ್ಪಾಗಿದೆ ಎಂಬುದು ಅವರಿಗೆ ತಿಳಿದಿತ್ತು, ಏನೆಂದು ತಿಳಿದಿರಲಿಲ್ಲ.

"ಮಳೆ ಬರೋ ಹಾಗಿತ್ತು."

"ಬಂತಾ?"

"ಇಲ್ಲ."

"ಜೋಡಿಸಿದ್ದೀರಲ್ಲ, ಯಾವ ಊರಿನ ಲಾರಿಗೆ ಹಾಕೋಣ ಅಂತ?"

ಅಪ್ಪ ಈ ಮಾತಿಗೆ ನಗಬೇಕೋ ಬೇಡವೋ ತಿಳಿಯದೆ ನಿಂತರು. ಮಂಡಿಗೆ ಹೋಗಿ ಚೆನ್ನಾಗಿ ಹಣ್ಣಾದದ್ದು ನೋಡಿ ತರುತ್ತೇನೆ, ರಜೆಯಾದರೂ ಯಾರಾದರೂ ಇರುತ್ತಾರೆ ಎಂದರು. ಅದನ್ನು ಹೋದ ವರ್ಷ ಇಟ್ಟು ಆಯಿತು ಎಂದಳು ಅಮ್ಮ. ನಾವು ಕೆಂಪು ಎಂದು ಆರಿಸಿದ್ದು ಬಣ್ಣಕ್ಕೆ ಕೆಂಪು ಅಷ್ಟೇ, ಒಳಗಿನ ರಸ ಇನ್ನೂ ಕೂಡಿರಲಿಲ್ಲ ಎಂದೂ ಹೇಳಿದಳು. ನಾಳೆ ಭಾವ ಆ ಗೊಜ್ಜನ್ನು ಎಲೆಯ ಅಂಚಿಗೆ ತಳ್ಳುತ್ತಾರೆ, ನಾಡಿದ್ದು ಶೀಟು ಬರುತ್ತದೆ. ಆಗಲೇ ಅಪ್ಪನಿಗೆ ಮಡಿಯ ವಿಷಯ ಪೂರ್ತಿ ಗೊತ್ತಾದದ್ದು. ದೊಡ್ಡಪ್ಪನ ಮಾತನ್ನು ಅವಳು ಅವರಿಗೆ ಹೇಳಿರಲಿಲ್ಲ. ಅಣ್ಣತಮ್ಮಂದಿರ ನಡುವೆ ತರುವುದು ಬೇಡವೆಂದು.

ಆಮೇಲೆ ಅವಳು ತಲೆಯೆತ್ತಿದಳು.

"ಬಿರಿದಿದ್ದವು ಇದ್ದಿರಬೇಕಲ್ಲ. ಅವೆಲ್ಲಿ?"

ಅಪ್ಪ ನನ್ನನ್ನು ನೋಡಿದರು.

"ಹಸೂಗೆ," ಎಂದೆ. ಅವಳು ಬಂದ ಮೇಲೆ ನಾನು ಆಡಿದ ಮೊದಲ ಮಾತು ಅದು.

ಮೂವರೂ ಕೊಟ್ಟಿಗೆಗೆ ಹೋದೆವು. ದೊಡ್ಡಮ್ಮ ಸೊಂಟಕ್ಕೆ ಕೈಯಿಟ್ಟು ಹಸುವಿನ ಮುಂದೆ ನಿಂತಿದ್ದರು. ಅವರ ತವರು ಮುಳಬಾಗಿಲಿನ ಆಚೆ, ಆಂಧ್ರದ ಗಡಿಗೆ ಹತ್ತಿರ. ಹಸುವಿನ ಜೊತೆಗೂ ದೇವರ ಜೊತೆಗೂ ಅವರ ಮಾತು ತೆಲುಗಿನಲ್ಲೇ ಶುರುವಾಗುತ್ತಿತ್ತು.

"ಏಮ್ಮಾ, ಯಾರಮ್ಮ ಇದಕ್ಕೆ ಹುಳಿ ಹಾಕಿದ್ದು? ನಾಲ್ಕು ತಿಂದು ಮುಖ ತಿರುಗಿಸಿಕೊಂಡು ನಿಂತಿದೆ, ಹೊಸ ಅಳಿಯನ ಥರ."

ಮಂಕರಿ ಮುಕ್ಕಾಲು ಹಾಗೇ ಇತ್ತು. ಅಮ್ಮ ಅದನ್ನು ಒಗೆಯುವ ಕಲ್ಲಿನ ಹತ್ತಿರ ತಂದು, ನೀರು ಇಟ್ಟುಕೊಂಡು ಕುಳಿತಳು. ಹುಳ ಕಚ್ಚಿದ್ದನ್ನು ಬಿಟ್ಟಳು. ಕೊಳೆತದ್ದನ್ನು ತಿಪ್ಪೆಗೆ ಎಸೆದಳು. ತೊಟ್ಟಿನ ಸುತ್ತ ಬಿರಿದು, ಬಿರಿದಲ್ಲಿ ಕಂದು ಬಣ್ಣದ ಗೆರೆ ಒಣಗಿ ಕೂತಿದ್ದ ಹಣ್ಣನ್ನು ತೊಳೆದು ತಪ್ಪಲೆಗೆ ಹಾಕಿದಳು. ಅಪ್ಪ ಎದುರಿಗೆ ಕುಕ್ಕರಗಾಲಿನಲ್ಲಿ ಕುಳಿತರು, ಮಂಡಿಯಲ್ಲಿ ಕುಳಿತ ಹಾಗೆಯೇ. ಮೊದಲು ನೋಡಿದರು. ಆಮೇಲೆ ಒಂದೊಂದಾಗಿ ತೆಗೆದು ಅವಳ ಕೈಗೆ ಕೊಡತೊಡಗಿದರು. ಮೊದಲ ಕೆಲವನ್ನು ಅವಳು ಹಿಂದಕ್ಕೆ ಕೊಟ್ಟಳು. ಒಂದನ್ನು ಅವರ ಮೂಗಿನ ಹತ್ತಿರ ಹಿಡಿದಳು. ಅಭ್ಯಾಸಬಲದಿಂದ ಮುಖ ತಿರುಗಿಸಿದವರು, ಮತ್ತೆ ತಿರುಗಿ ವಾಸನೆ ನೋಡಿದರು. ಮಂಕರಿಯ ತಳ ಕಾಣುವ ಹೊತ್ತಿಗೆ ಅವಳು ಯಾವುದನ್ನೂ ಹಿಂದಕ್ಕೆ ಕೊಡುತ್ತಿರಲಿಲ್ಲ. ಸಣ್ಣ ತಪ್ಪಲೆ ತುಂಬಿತ್ತು. ಅಷ್ಟು ಹೊತ್ತೂ ನಾನು ಬೈಗುಳಕ್ಕೆ ಕಾಯುತ್ತಾ ನಿಂತಿದ್ದೆ. ಅಮ್ಮ ಬೈಯಲಿಲ್ಲ. ಒಂದು ಪ್ರಶ್ನೆ ಕೇಳಿದಳು.

"ಮುಟ್ಟಬೇಡ ಅಂದಿದ್ದೆ. ಅಪ್ಪನಿಗೆ ಹೇಳಿದ್ಯಾ?"

"ಇಲ್ಲ."

"ಸರಿ, ಇಲ್ಲ ಅಂತ ಹೇಳಿದ್ಯಲ್ಲ. ಹೋಗು, ಕೆಂಡಕ್ಕೆ ಬೆರಣಿ ತಾ."

ಮರುದಿನ ನಡುಮನೆಯಲ್ಲಿ ಎಡೆ ಇಟ್ಟರು. ತಾತನ ಬಿಳಿ ಪಂಚೆ, ಕೆಂಪು ಅಂಚಿನ ಟವೆಲ್ಲು, ಊರುಗೋಲು. ಮುಂದೆ ಎರಡು ಬಾಳೆಲೆ: ಮುದ್ದೆ, ಕೋಳಿಸಾರು, ವಡೆ, ಪಾಯಸ, ಮತ್ತು ಎಲೆಯ ಬಲತುದಿಯಲ್ಲಿ ಗೊಜ್ಜು. ಊದುಬತ್ತಿ ಹಚ್ಚಿ, ಎಲ್ಲರೂ ಹೊರಗೆ ಬಂದು ಬಾಗಿಲು ಮುಂದಕ್ಕೆ ಹಾಕಿಕೊಂಡೆವು. ಹಿರಿಯರು ಬಂದು ಊಟ ಮಾಡುವಾಗ ಯಾರೂ ನೋಡಬಾರದು. ಜಗಲಿಯ ಮೇಲೆ ಕುಳಿತು ಕಾಯುವ ಆ ಹೊತ್ತು ಮಕ್ಕಳಿಗೆ ಬಹಳ ಉದ್ದ. ಎಷ್ಟು ಹೊತ್ತು ಎಂದು ನಾನು ಕೇಳಿದ್ದಕ್ಕೆ ದೊಡ್ಡಮ್ಮ, ಮಾವನಿಗೆ ಹಲ್ಲಿಲ್ಲ, ಅವಸರ ಮಾಡಬೇಡ ಎಂದರು. ದೊಡ್ಡಪ್ಪ ನಕ್ಕರು. ಅಮ್ಮ ನಗಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ಇದ್ದಳು.

ಮೂರು ಸಲ ಕೆಮ್ಮಿ ದೊಡ್ಡಪ್ಪ ಬಾಗಿಲು ತೆಗೆದರು. ಎಡೆಯ ಅನ್ನವನ್ನು ಮನೆಯವರೆಲ್ಲ ಹಂಚಿಕೊಂಡು ತಿನ್ನಬೇಕು, ಯಾರೂ ಬೇಡ ಎನ್ನುವಂತಿಲ್ಲ. ಅಪ್ಪನ ಎಲೆಗೂ ಗೊಜ್ಜು ಬಿತ್ತು. ಅವರು ಮುದ್ದೆಯ ಚೂರನ್ನು ಅದರಲ್ಲಿ ಅದ್ದಿ ನುಂಗಿದರು, ಮತ್ತೆ ಅದ್ದಿದರು. ನಾನು ಆ ಎರಡನೆಯ ಸಲವನ್ನು ಎಣಿಸಿದೆ. ದೊಡ್ಡಪ್ಪ ತಲೆತಗ್ಗಿಸಿ ತಿನ್ನುತ್ತಿದ್ದರು. ಎಲೆಯ ಅಂಚು ಖಾಲಿ ಇತ್ತು. ಇನ್ನಷ್ಟು ಗೊಜ್ಜು ಕೇಳಿದಾಗ ಅಮ್ಮ ಮಡಕೆ ತಂದು ತೋರಿಸಿದಳು. ಅದರಲ್ಲಿ ಬಡಿಸುವಷ್ಟು ಉಳಿದಿರಲಿಲ್ಲ. ದೊಡ್ಡಪ್ಪ ಮಡಕೆಯನ್ನೇ ಇಸಿದುಕೊಂಡು, ಮುದ್ದೆಯ ಕೊನೆಯ ತುತ್ತಿನಿಂದ ಅದರ ಒಳಗನ್ನು ಒರೆಸಿ ಬಾಯಿಗೆ ಹಾಕಿಕೊಂಡರು. ಕೈ ತೊಳೆದು ಬಂದು, ಬೀದಿಯಲ್ಲಿ ನಿಂತಿದ್ದ ಗಾಡಿಯನ್ನು ನೋಡುತ್ತಾ ಅಪ್ಪನಿಗೆ ಹೇಳಿದರು, ಅಮ್ಮನಿಗಲ್ಲ.

"ಗಾಡಿಗೆ ಮುಂದುಗಡೆನೇ ತೆಂಗಿನ ಗರಿ ಚಪ್ಪರ ಹಾಕಿಸಿದ್ರೆ ಸಾಕು ಕಣೋ. ಹಿತ್ತಲಿಗೆ ಒಳಗೆ ತಂದು ಹೊರಗೆ ತೆಗೆಯೋದು ಯಾರು ದಿನಾ."

ಚಪ್ಪರ ಹಾಕಿದ್ದು ಅಪ್ಪ ಮತ್ತು ದೊಡ್ಡಪ್ಪ ಸೇರಿ. ಮುಂದಿನ ಕೋಣೆಯ ಮೂರು ಪಟ್ಟಿಗಳನ್ನು ಅಮ್ಮ ರಾಗಿಹುಲ್ಲಿನ ಮೇಲೆ ಹರಡಿಟ್ಟಳು. ಒಂದು ವಾರದಲ್ಲಿ ಎಲ್ಲ ಹಣ್ಣಾಗಿ ಚಿತ್ರಾನ್ನಕ್ಕೆ ಹೋದವು. ಹಿಂದಿನ ಬಾಗಿಲಿನ ಹಣ್ಣು ಮುಂದಿನ ಬಾಗಿಲಿನ ಪಾತ್ರೆಗೆ ಬಿದ್ದದ್ದು, ನನಗೆ ತಿಳಿದ ಮಟ್ಟಿಗೆ, ಅದೊಂದೇ ಸಲ.

ಆ ಮಡಿ ಈಗಲೂ ಇದೆ. ಮನೆಯಲ್ಲಿ ತಮ್ಮನ ಸಂಸಾರವಿದೆ, ಅಪ್ಪ ಅಮ್ಮ ಅಲ್ಲೇ ಇದ್ದಾರೆ. ನಾನು ಮಾಲೂರಿನಿಂದ ತಿಂಗಳಿಗೆ ಎರಡು ಸಲ ಹೋಗಿ ಬರುತ್ತೇನೆ. ಗಿಡಗಳು ಹೆಚ್ಚೂಕಡಿಮೆ ಅಷ್ಟೇ. ಹೋದ ಭಾನುವಾರ ಎಣಿಸಿದೆ, ಹದಿಮೂರು. ಮಂಡಿಯ ಕೆಲಸ ಬಿಟ್ಟು ವರ್ಷಗಳಾದ ಅಪ್ಪ ಬೆಳಿಗ್ಗೆ ಟೀ ಕುಡಿದ ಮೇಲೆ ಮಡಿಯ ಸುತ್ತ ಒಂದು ಸುತ್ತು ಬರುತ್ತಾರೆ. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿರುತ್ತಾರೆ. ಒಂದು ಕೈ ಇನ್ನೊಂದರ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಿರುತ್ತದೆ. ಬಗ್ಗಿ ಒಂದೊಂದು ಗಿಡವನ್ನೂ ನೋಡುತ್ತಾರೆ. ಆ ಭಾನುವಾರವೂ ಮೋಡವಿತ್ತು. ಐದನೆಯ ಗಿಡದ ಹತ್ತಿರ ನಿಂತು, ಕೈ ಬಿಚ್ಚದೆ, ಅಡುಗೆಮನೆಯ ಕಡೆಗೆ ಕೂಗಿದರು.

"ಇಲ್ಲೊಂದು ಬಿರಿದಿದೆ ಕಣೇ. ಬಾ, ಬಂದು ಕೀಳು."